ಪ್ರೊಕ್ರಸ್ಟೀಸನ ಮಂಚ

ಬಿಗಿತವನ್ನು, ಜಗ್ಗದ ಕಟ್ಟುನಿಟ್ಟನ್ನು ಹೇಳುವ ಪದಗಳಿಗೆ ಇಂಗ್ಲಿಷಿನಲ್ಲಿ ಕೊರತೆಯಿಲ್ಲ. ಸೆಟೆದಿರು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ 'ರಿಜಿಡ್' ಬಂದಿದೆ, ಕ್ರಿ.ಪೂ. 7ನೆಯ ಶತಮಾನದಲ್ಲಿ ಅಥೆನ್ಸಿಗೆ ಲಿಖಿತ ಕಾನೂನುಗಳನ್ನು ಕೊಟ್ಟನೆಂದು ಹೇಳಲಾಗುವ ಡ್ರೇಕೋ ಎಂಬವನ ಹೆಸರಿನಿಂದ, ದಂಡನೆಯ ಕ್ರೌರ್ಯವನ್ನು ಸೂಚಿಸುವ 'ಡ್ರೇಕೋನಿಯನ್' ಹುಟ್ಟಿದೆ. ಮೇವಿಲ್ಲದೆ ಸೊರಗಿ ಚರ್ಮವೆಲ್ಲ ಪಕ್ಕೆಲುಬಿಗೆ ಅಂಟಿಕೊಂಡ ದನವನ್ನು ಕುರಿತು ರೈತರು ಆಡುತ್ತಿದ್ದ 'ಹೈಡ್‌ಬೌಂಡ್' ಎಂಬ ಮಾತು, ಹೊಸ ವಿಚಾರಕ್ಕೆ ಎಡೆಗೊಡದ ಸಂಕುಚಿತ ಮನಸ್ಸಿಗೆ ಅನ್ವಯವಾಗುತ್ತ ಬಂದಿದೆ. ಇವುಗಳ ಸಾಲಿನಲ್ಲೇ ನಿಲ್ಲುವ, ಆದರೆ ಇವೆಲ್ಲಕ್ಕಿಂತ ಸೂಕ್ಷ್ಮವಾದ ಅರ್ಥವುಳ್ಳ ಪದವೆಂದರೆ 'ಪ್ರೊಕ್ರಸ್ಟಿಯನ್'. ಮೊದಲೇ ಗೊತ್ತುಮಾಡಿಟ್ಟ ಒಂದು ಅಳತೆಗೆ ಮನುಷ್ಯರನ್ನಾಗಲಿ, ವಿಚಾರಗಳನ್ನಾಗಲಿ, ಸಂಗತಿಗಳನ್ನಾಗಲಿ ಬಲವಂತವಾಗಿ ಒಗ್ಗಿಸುವುದು, ಹೆಚ್ಚಾದುದನ್ನು ಕತ್ತರಿಸಿ ಕಡಿಮೆಯಾದುದನ್ನು ಎಳೆದು ಸರಿದೂಗಿಸುವುದು ಅದರ ಅರ್ಥ. ರಿಜಿಡ್ ಎಂಬ ಪದವನ್ನು ಒಂದು ಕಬ್ಬಿಣದ ಸರಳಿಗೂ ಅನ್ವಯಿಸಬಹುದು, ತನ್ನ ಪಾಡಿಗೆ ತಾನು ಪಟ್ಟು ಹಿಡಿದು ಕುಳಿತ ಮನುಷ್ಯನಿಗೂ ಅನ್ವಯಿಸಬಹುದು. ಪ್ರೊಕ್ರಸ್ಟಿಯನ್ ಎನ್ನಬೇಕಾದರೆ ಅಲ್ಲಿ ಇಬ್ಬರಿರಬೇಕು, ಅಳತೆಯನ್ನು ಹಿಡಿದವನೊಬ್ಬ ಮತ್ತು ಆ ಅಳತೆಗೆ ಸಿಕ್ಕಿಕೊಂಡವನೊಬ್ಬ. ಎರಡನೆಯವನ ನೋವು ಆ ಪದದ ಅರ್ಥದೊಳಗೇ ಸೇರಿಕೊಂಡಿದೆ.

ಪದದ ಮೂಲ ಗ್ರೀಕ್ ಪುರಾಣದ ಒಂದು ದಾರಿಯ ಕಥೆಯಲ್ಲಿದೆ. ಅಥೆನ್ಸಿನ ರಾಜ ಏಜಿಯಸನ ಮಗ ಥೀಸಿಯಸ್, ತಾಯಿ ಈಥ್ರಾಳ ಊರಾದ ಟ್ರೀಜನ್‌ನಲ್ಲಿ ಬೆಳೆದು, ತಂದೆ ಬಂಡೆಯ ಕೆಳಗೆ ಗುರುತಿಗಾಗಿ ಇಟ್ಟುಹೋಗಿದ್ದ ಕತ್ತಿಯನ್ನೂ ಪಾದರಕ್ಷೆಗಳನ್ನೂ ಎತ್ತಿಕೊಂಡು, ಸುಲಭವಾದ ಸಮುದ್ರಮಾರ್ಗವನ್ನು ಬಿಟ್ಟು ಕಳ್ಳಕಾಕರ ಭಯವಿದ್ದ ನೆಲದ ದಾರಿಯಲ್ಲೇ ಅಥೆನ್ಸಿಗೆ ಹೊರಡುತ್ತಾನೆ. ಆ ದಾರಿಯುದ್ದಕ್ಕೂ ಅವನಿಗೆ ಎದುರಾಗುವ ದುಷ್ಟರಲ್ಲಿ ಒಬ್ಬೊಬ್ಬನಿಗೂ ಕೊಲ್ಲುವ ಒಂದೊಂದು ವಿಧಾನವಿದೆ. ಸಿನಿಸ್ ಎಂಬವನು ಬಗ್ಗಿಸಿದ ಪೈನ್ ಮರಗಳಿಗೆ ದಾರಿಹೋಕರನ್ನು ಕಟ್ಟಿ ಸೀಳುತ್ತಾನೆ, ಸ್ಕೈರನ್ ಎಂಬವನು ತನ್ನ ಕಾಲು ತೊಳೆಯುವಂತೆ ಹೇಳಿ, ಬಗ್ಗಿದವರನ್ನು ಕಡಲ ಬಂಡೆಯಿಂದ ಕೆಳಕ್ಕೆ ಒದೆಯುತ್ತಾನೆ. ಈ ಸರಣಿಯ ಕೊನೆಯಲ್ಲಿ, ಎಲ್ಯೂಸಿಸ್‌ನಿಂದ ಅಥೆನ್ಸಿನತ್ತ ಸಾಗುವ ಸುಮಾರು 20 ಕಿಲೋಮೀಟರ್ ಉದ್ದದ ಪವಿತ್ರ ಮಾರ್ಗದ ಬಳಿ, ಪ್ರೊಕ್ರಸ್ಟೀಸ್ ಕಾಣಿಸಿಕೊಳ್ಳುತ್ತಾನೆ. ಉಳಿದವರು ದಾರಿಯಲ್ಲಿ ಅಡ್ಡಗಟ್ಟುವವರು. ಇವನಾದರೋ ಮನೆಗೆ ಕರೆಯುವವನು. ಬಿಸಿಲಲ್ಲಿ ನಡೆದು ದಣಿದು ಬಂದವನಿಗೆ ರಾತ್ರಿ ತಂಗಲು ಜಾಗ ಕೊಟ್ಟು, ಮಲಗಲು ಮಂಚ ತೋರಿಸುತ್ತಾನೆ.

ಅತಿಥಿಯನ್ನು ಕಾಪಾಡುವುದು ಗ್ರೀಕರಲ್ಲಿ ಸ್ಯೂಸ್ ದೇವನೇ ವಿಧಿಸಿದ ಧರ್ಮವೆಂಬ ಭಾವನೆಯಿತ್ತು. ಅಪರಿಚಿತನಿಗೆ ಅನ್ನ, ನೀರು, ಹಾಸಿಗೆ ಕೊಡುವುದಕ್ಕೆ ಅವರ ಭಾಷೆಯಲ್ಲಿ ಪ್ರತ್ಯೇಕವಾದ ಒಂದು ಪದವೇ ಇದೆ. ಆದ್ದರಿಂದ ಪ್ರೊಕ್ರಸ್ಟೀಸನ ಅಪರಾಧವನ್ನು ಬರಿಯ ಕೊಲೆಯೆಂದು ಎಣಿಸಿದರೆ ಕಥೆಯ ಅರ್ಧ ಭಾಗ ಕೈತಪ್ಪುತ್ತದೆ. ಅವನು ಉಪಚಾರದ ವಸ್ತುವನ್ನೇ ಹಿಂಸೆಯ ಸಾಧನವನ್ನಾಗಿ ಮಾಡಿಕೊಂಡವನು. ಇಂಗ್ಲಿಷಿನಲ್ಲಿ ಇಂದು ಈ ಪದವನ್ನು ಬಳಸುವ ಸಂದರ್ಭಗಳನ್ನು ಗಮನಿಸಿದರೆ ಈ ಅಂಶ ಇನ್ನೂ ಜೀವಂತವಾಗಿರುವುದು ಕಾಣುತ್ತದೆ: ಬಂದವರಿಗೆ ಅನುಕೂಲವಾಗಲೆಂದೇ ಏರ್ಪಟ್ಟ ಶಾಲೆ, ಆಸ್ಪತ್ರೆ, ಕಚೇರಿಗಳಂಥ ವ್ಯವಸ್ಥೆಗಳು ಬಂದವರನ್ನೇ ತಮ್ಮ ಅಳತೆಗೆ ಕುಗ್ಗಿಸತೊಡಗಿದಾಗ ಈ ಪದ ಎಲ್ಲಕ್ಕಿಂತ ಸಮರ್ಪಕವಾಗಿ ಹೊಂದುತ್ತದೆ.

ಹೆಚ್ಚಿನವರು ಕೇಳಿರುವ ಕಥೆಯಲ್ಲಿ ಮಂಚ ಒಂದೇ. ಉದ್ದನೆಯವನ ಕಾಲು ಮಂಚದಿಂದ ಹೊರಚಾಚಿದರೆ ಅದನ್ನು ಕತ್ತರಿಸುವುದು, ಗಿಡ್ಡನಾದರೆ ಮಂಚದ ತುದಿಗೆ ಮುಟ್ಟುವವರೆಗೂ ಎಳೆಯುವುದು. ಕ್ರಿ.ಪೂ. 1ನೆಯ ಶತಮಾನದಲ್ಲಿ ಬರೆದ ಡಿಯೊಡೋರಸ್ ಕಥೆಯನ್ನು ಹೀಗೆಯೇ ಹೇಳುತ್ತಾನೆ. ಆದರೆ ಅಪೊಲೊಡೋರಸನ ಹೆಸರಿನಲ್ಲಿ ಉಳಿದುಬಂದಿರುವ ಪುರಾಣಸಂಗ್ರಹದಲ್ಲಿ ಮಂಚಗಳು ಎರಡು, ಒಂದು ಚಿಕ್ಕದು ಮತ್ತೊಂದು ದೊಡ್ಡದು. ಗಿಡ್ಡನಾದವನನ್ನು ದೊಡ್ಡ ಮಂಚದ ಮೇಲೆ ಮಲಗಿಸಿ ಸುತ್ತಿಗೆಯಿಂದ ಬಡಿಯುವುದು, ಎತ್ತರದವನನ್ನು ಚಿಕ್ಕ ಮಂಚದ ಮೇಲೆ ಮಲಗಿಸಿ ಗರಗಸದಿಂದ ಕೊಯ್ಯುವುದು ಅಲ್ಲಿಯ ಕ್ರಮ. ಲ್ಯಾಟಿನ್ ಲೇಖಕ ಹೈಜಿನಸ್ ಕೂಡ ಎರಡು ಅಳತೆಗಳನ್ನೇ ಹೇಳಿ, ಗಿಡ್ಡನ ಮೈಗೆ ಕಮ್ಮಾರನ ಅಡಿಗಲ್ಲುಗಳನ್ನು ಕಟ್ಟಿ ಎಳೆಯುತ್ತಿದ್ದನೆಂದು ಸೇರಿಸುತ್ತಾನೆ. ಈ ಪಾಠಾಂತರವನ್ನು ಚಿಲ್ಲರೆ ವ್ಯತ್ಯಾಸವೆಂದು ಬದಿಗಿಡುವಂತಿಲ್ಲ. ಮಂಚ ಒಂದೇ ಆಗಿದ್ದರೆ, ಅದರ ಉದ್ದಕ್ಕೆ ಸರಿಯಾಗಿ ಹೊಂದುವ ಅದೃಷ್ಟವಂತನೊಬ್ಬ ಎಂದಾದರೂ ಬಂದು, ರಾತ್ರಿ ನಿದ್ರಿಸಿ, ಬೆಳಿಗ್ಗೆ ಎದ್ದು ಹೋಗಿರಬಹುದೆಂದು ಊಹಿಸಲು ಎಡೆಯಿದೆ. ಮಂಚ ಎರಡಾದಾಗ, ಅದೂ ಬಂದವನನ್ನು ನೋಡಿದ ಮೇಲೆ ಅವನಿಗೆ ಹೊಂದದ ಮಂಚವನ್ನೇ ಆರಿಸುವ ಯಜಮಾನನಿರುವಾಗ, ಆ ಮನೆಗೆ ಹೊಂದುವ ಅತಿಥಿಯೆಂಬವನು ಇರಲು ಸಾಧ್ಯವೇ ಇಲ್ಲ. ಒಂದು ಮಂಚದ ಕಥೆ ನಿಯಮದ ಕುರುಡುತನವನ್ನು ಹೇಳಿದರೆ, ಎರಡು ಮಂಚಗಳ ಕಥೆ ನಿಯಮದ ಮರೆಯಲ್ಲಿ ಕುಳಿತ ಇಚ್ಛೆಯನ್ನು ಹೇಳುತ್ತದೆ. ಇಂಗ್ಲಿಷ್ ಪದ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಹುಮಟ್ಟಿಗೆ ಮರೆತಿದೆ, ಮತ್ತು ಈ ಮರೆವು ಒಂದು ನಷ್ಟವೇ ಸರಿ.

ಪ್ರೊಕ್ರಸ್ಟೀಸ್ ಎಂಬುದು ಅವನ ಹುಟ್ಟುಹೆಸರಲ್ಲ, ಅಡ್ಡಹೆಸರು. ಜೀವನಚರಿತ್ರೆಗಳ ಲೇಖಕ ಪ್ಲುಟಾರ್ಕ್ ಅವನನ್ನು ಡಮಾಸ್ಟೀಸ್ ಎಂದು ಕರೆಯುತ್ತಾನೆ, ಅಂದರೆ ಅಡಗಿಸುವವನು, ಪಾಸೇನಿಯಸ್ ಎಂಬ ಪ್ರವಾಸಿ ಲೇಖಕ ಪಾಲಿಪೀಮನ್ ಎನ್ನುತ್ತಾನೆ, ಅಂದರೆ ಬಹಳ ಕೇಡು ಮಾಡುವವನು, ಕ್ರಿ.ಪೂ. 5ನೆಯ ಶತಮಾನದ ಕವಿ ಬ್ಯಾಕಿಲಿಡೀಸ್ ಪ್ರೊಕೋಪ್ಟಾಸ್ ಎನ್ನುತ್ತಾನೆ, ಅಂದರೆ ಕತ್ತರಿಸುವವನು. ಕೊನೆಗೆ ಗೆದ್ದು ಉಳಿದ ಹೆಸರಾದರೋ, ಬಡಿದು ಹಿಗ್ಗಿಸು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಬಂದದ್ದು. ಕಾದ ಲೋಹವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಉದ್ದಮಾಡುವ ಕುಲುಮೆಯ ಕೆಲಸ ಅದರ ಹಿಂದಿದೆ. ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಪದವನ್ನು ಬಳಸುವವರ ಮನಸ್ಸಿನಲ್ಲಿ ಮೊದಲು ಮೂಡುವುದು ಗರಗಸ ಮತ್ತು ಕೊಯ್ದ ಕಾಲು. ಹೆಸರು ಹೇಳುತ್ತಿರುವುದು ಮಾತ್ರ ಸುತ್ತಿಗೆಯನ್ನು ಮತ್ತು ಹಿಗ್ಗಿದ ಮೈಯನ್ನು. ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ, ಏಕೆಂದರೆ ಕತ್ತರಿಸಿದ ತುಂಡು ನೆಲದ ಮೇಲೆ ಬಿದ್ದಿರುತ್ತದೆ. ಹಿಗ್ಗಿಸಿದ್ದು ಬೇಗ ಕಾಣುವುದಿಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸಿ ಅಳತೆ ತುಂಬಿಸಿದಾಗ, ನೋಡಿದವರಿಗೆ ಅದು ಪೂರ್ಣತೆಯಂತೆಯೇ ತೋರುತ್ತದೆ.

ಥೀಸಿಯಸ್ ಆ ದಾರಿಯ ದುಷ್ಟರಲ್ಲಿ ಒಬ್ಬೊಬ್ಬನನ್ನೂ ಅವನವನ ವಿಧಾನದಲ್ಲೇ ಕೊಂದನೆಂದೂ, ಪ್ರೊಕ್ರಸ್ಟೀಸನನ್ನು ಅವನದೇ ಮಂಚಕ್ಕೆ ಸರಿಹೊಂದಿಸಿದನೆಂದೂ ಪ್ಲುಟಾರ್ಕ್ ಹೇಳುತ್ತಾನೆ. ಕ್ರಿ.ಪೂ. 440-430ರ ಸುಮಾರಿಗೆ ಅಥೆನ್ಸಿನ ಕುಂಬಾರರ ಕೇರಿಯಲ್ಲಿ ತಯಾರಾಗಿ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಅಗಲವಾದ ಮದ್ಯದ ಬಟ್ಟಲಿನ ಮೇಲೆ ಈ ಪ್ರಸಂಗಗಳೆಲ್ಲ ಚಿತ್ರಿತವಾಗಿವೆ. ಕಪ್ಪು ಹಿನ್ನೆಲೆಯಲ್ಲಿ ಆಕೃತಿಗಳನ್ನು ಮಣ್ಣಿನ ಕೆಂಪು ಬಣ್ಣದಲ್ಲೇ ಉಳಿಸುವ ಶೈಲಿಯ ಈ ಬಟ್ಟಲಿನ ನಡುವೆ ಚಕ್ರವ್ಯೂಹದಿಂದ ಗೂಳಿಮೊಗದ ಮಿನೊಟಾರನನ್ನು ಎಳೆದು ತರುತ್ತಿರುವ ಥೀಸಿಯಸನಿದ್ದಾನೆ. ಅದರ ಸುತ್ತಲಿನ ಪಟ್ಟಿಯಲ್ಲಿ ಉಳಿದ ಸಾಹಸಗಳ ನಡುವೆ ಮಂಚವೂ ಇದೆ, ಅದರ ಮೇಲೆ ಒರಗಿ ಬಿದ್ದ ಪ್ರೊಕ್ರಸ್ಟೀಸನೂ ಇದ್ದಾನೆ, ಅವನೆದುರು ಕೊಡಲಿ ಎತ್ತಿದ ಯುವಕನೂ ಇದ್ದಾನೆ. ಅಥೆನ್ಸಿನ ಪ್ರಜೆಗಳು ಥೀಸಿಯಸನನ್ನು ತಮ್ಮ ನಗರದ ವ್ಯವಸ್ಥಾಪಕನೆಂದು ಗೌರವಿಸುತ್ತಿದ್ದರು. ಆದರೂ ಅವನು ಅಥೆನ್ಸನ್ನು ಹೊಗುವ ಮುನ್ನ, ಕೆಫಿಸಸ್ ನದಿಯ ಬಳಿ, ಫೈಟಲಸನ ವಂಶದವರು ಅವನಿಗೆ ರಕ್ತದ ಮೈಲಿಗೆಯನ್ನು ಕಳೆಯುವ ಶುದ್ಧಿಯನ್ನು ಮಾಡಿಸಿದರೆಂಬ ಸಂಗತಿಯನ್ನು ಕಥೆ ಬಿಡದೆ ಹೇಳುತ್ತದೆ. ದುಷ್ಟನ ಅಳತೆಯನ್ನು ದುಷ್ಟನ ಮೇಲೆ ಪ್ರಯೋಗಿಸಿದವನಿಗೂ ಮೈಲಿಗೆ ತಪ್ಪಲಿಲ್ಲವೆಂಬ ಆ ತಿಳಿವಳಿಕೆ ಗ್ರೀಕರ ನ್ಯಾಯಪ್ರಜ್ಞೆಯ ಬಗ್ಗೆ ಗೌರವ ಹುಟ್ಟಿಸುವಂಥದು.

ಇಂಥದೇ ಮಂಚ ಇನ್ನೊಂದು ಸಂಪ್ರದಾಯದಲ್ಲೂ ಇದೆ. ಯಹೂದಿಗಳ ಧರ್ಮಚರ್ಚೆಗಳ ಬೃಹತ್ ಸಂಕಲನವಾದ ಬ್ಯಾಬಿಲೋನಿಯದ ತಾಲ್ಮುಡ್‌ನಲ್ಲಿ, ಪಾಪಕ್ಕೆ ಹೆಸರಾದ ಸೊದೋಮ್ ನಗರದ ಜನ ಅತಿಥಿಗಳಿಗೆಂದೇ ಮಂಚ ಇಟ್ಟಿದ್ದು, ಉದ್ದನೆಯವರನ್ನು ಕತ್ತರಿಸಿ ಗಿಡ್ಡರನ್ನು ಎಳೆಯುತ್ತಿದ್ದರೆಂದು ಹೇಳಿದೆ. ಅಬ್ರಹಾಮನ ಸೇವಕ ಎಲಿಯೇಜರನಿಗೆ ಅದರ ಮೇಲೆ ಮಲಗಲು ಹೇಳಿದಾಗ, ತಾಯಿ ತೀರಿಕೊಂಡ ದಿನದಿಂದ ಮಂಚದ ಮೇಲೆ ಮಲಗುವುದಿಲ್ಲವೆಂದು ವ್ರತ ಹಿಡಿದಿರುವುದಾಗಿ ಹೇಳಿ ಅವನು ತಪ್ಪಿಸಿಕೊಳ್ಳುತ್ತಾನೆ. ಇಲ್ಲಿ ಮಂಚದ ಒಡೆಯ ಒಬ್ಬ ದರೋಡೆಕೋರನಲ್ಲ, ಒಂದು ಇಡೀ ಊರು. ಹಿಂಸೆ ಅಲ್ಲಿ ಊರಿನ ಪದ್ಧತಿಯಾಗಿದೆ.

ಹೆಸರು ವಿಶೇಷಣವಾಗಿ, ವಿಶೇಷಣವು 'ಮಂಚ' ಎಂಬ ನಾಮಪದದೊಡನೆ ಜೋಡಿಯಾಗಿ, ಯೂರೋಪಿನ ಹಲವು ಭಾಷೆಗಳ ಗದ್ಯದಲ್ಲಿ ನೆಲೆನಿಂತ ಮೇಲೆ, ಅದು ಹೆಚ್ಚಾಗಿ ವಿಚಾರದ ಕ್ಷೇತ್ರದಲ್ಲಿ ಬಳಕೆಯಾಗತೊಡಗಿತು. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1844ರಲ್ಲಿ ಪ್ರಕಟಿಸಿದ 'ದಿ ಪರ್ಲಾಯ್ನ್ಡ್ ಲೆಟರ್' ಎಂಬ ಪತ್ತೇದಾರಿ ಕಥೆಯಲ್ಲಿ ಇದರ ಅತ್ಯಂತ ಸೊಗಸಾದ ಪ್ರಯೋಗವೊಂದಿದೆ. ಕಳವಾದ ಪತ್ರವೊಂದಕ್ಕಾಗಿ ಪ್ಯಾರಿಸ್ಸಿನ ಪೊಲೀಸರ ಮುಖ್ಯಾಧಿಕಾರಿ ಒಬ್ಬ ಮಂತ್ರಿಯ ಮನೆಯನ್ನು ಶೋಧಿಸುತ್ತಾನೆ. ದಿಂಬುಗಳಿಗೆ ಉದ್ದನೆಯ ಸೂಜಿ ಚುಚ್ಚಿ ನೋಡಿಸುತ್ತಾನೆ, ಕುರ್ಚಿಗಳ ಕೀಲುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾನೆ, ಆದರೂ ಪತ್ರ ಸಿಗುವುದಿಲ್ಲ. ಬಚ್ಚಿಟ್ಟದ್ದು ಸಂದುಗೊಂದಿನಲ್ಲೇ ಇರಬೇಕೆಂಬ ಅವನ ಎಣಿಕೆಯನ್ನೇ ಪತ್ತೇದಾರ ದ್ಯುಪೇನ್ ಪ್ರೊಕ್ರಸ್ಟೀಸನ ಮಂಚವೆಂದು ಗುರುತಿಸುತ್ತಾನೆ. ಪತ್ರವಾದರೋ ಎಲ್ಲರಿಗೂ ಕಾಣುವಂತೆ, ಕಾಗದಗಳನ್ನಿಡುವ ಒಂದು ತೂಗುಚೀಲದಂಥ ಗೂಡಿನಲ್ಲಿ ಇತ್ತು. ಮಂಚದ ಮೇಲೆ ಮಲಗಿದ್ದು ಇಲ್ಲಿ ಮನುಷ್ಯನ ದೇಹವಲ್ಲ, ಕಣ್ಣೆದುರಿನ ಸತ್ಯ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಕನ್ನಡದ ಗಾದೆ ಈ ನಡವಳಿಕೆಯ ಸಮೀಪಕ್ಕೆ ಬರುತ್ತದೆ, ಆದರೂ ಎರಡರ ನಡುವೆ ಒಂದು ಹೆಜ್ಜೆಯ ಅಂತರವಿದೆ. ಗಾದೆಯ ಹಟಮಾರಿ ಮೂರು ಕಾಲೆಂದು ವಾದಿಸುತ್ತಾನೆ, ಮೊಲ ಮಾತ್ರ ನಾಲ್ಕು ಕಾಲಿನಲ್ಲೇ ಓಡಾಡಿಕೊಂಡಿರುತ್ತದೆ. ಪ್ರೊಕ್ರಸ್ಟೀಸನಿಗೆ ವಾದದ ಅಗತ್ಯವಿಲ್ಲ, ಅವನು ನಾಲ್ಕನೆಯದನ್ನು ಕತ್ತರಿಸಿ ತನ್ನ ಮಾತನ್ನು ನಿಜಮಾಡುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಇನ್ನೊಂದು ಗಾದೆ ಮೇಲುನೋಟಕ್ಕೆ ಅದೇ ಮಂಚವನ್ನು ನೆನಪಿಸಿದರೂ, ಅಲ್ಲಿ ಹಾಸಿಗೆ ಮಲಗುವವನದೇ, ಕಾಲು ಮಡಿಸುವ ವಿವೇಕವೂ ಅವನದೇ.

ಪುರಾಣದ ಎರಡು ಮಂಚಗಳ ಮನೆಗೆ ಯಾವ ಅತಿಥಿಯೂ ಹೊಂದುತ್ತಿರಲಿಲ್ಲವೆಂಬ ಮಾತು ಅತಿಶಯವೆಂದು ತೋರಬಹುದು. 20ನೆಯ ಶತಮಾನದಲ್ಲಿ ಅದು ಲೆಕ್ಕದ ರೂಪದಲ್ಲಿ ಮತ್ತೆ ಎದುರಾಯಿತು. ಅಮೆರಿಕದ ಯುದ್ಧವಿಮಾನಗಳ ಚಾಲಕರ ಕೋಣೆಯನ್ನು ಚಾಲಕರ ಸರಾಸರಿ ದೇಹಾಳತೆಗೆ ತಕ್ಕಂತೆ ರೂಪಿಸಲಾಗಿತ್ತು. ಆಸನದ ದೂರ, ಪೆಡಲಿನ ಅಂತರ, ಕಿಟಕಿಯ ಎತ್ತರ ಎಲ್ಲವೂ ಸ್ಥಿರ. ಅಪಘಾತಗಳು ಹೆಚ್ಚಿದಾಗ, 1950ರಲ್ಲಿ ಒಹಾಯೋದ ವಾಯುನೆಲೆಯಲ್ಲಿ ಸಾವಿರಾರು ಚಾಲಕರ ಮೈಯಳತೆಯನ್ನು ಹೊಸದಾಗಿ ತೆಗೆಯಲಾಯಿತು. ಅಲ್ಲಿದ್ದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ, ವಿನ್ಯಾಸಕ್ಕೆ ಅತ್ಯಗತ್ಯವಾದ 10 ಅಳತೆಗಳನ್ನು ಆರಿಸಿಕೊಂಡು, ಒಂದೊಂದು ಅಳತೆಯಲ್ಲೂ ನಡುವಣ ಶೇಕಡಾ 30ರಷ್ಟು ಜನರ ವ್ಯಾಪ್ತಿಯನ್ನೇ ಸರಾಸರಿಯೆಂದು ಉದಾರವಾಗಿ ಒಪ್ಪಿಕೊಂಡು, 4063 ಚಾಲಕರಲ್ಲಿ ಹತ್ತರಲ್ಲೂ ಸರಾಸರಿಯಾದವರು ಎಷ್ಟು ಮಂದಿಯೆಂದು ಎಣಿಸಿದನು. ಒಬ್ಬನೂ ಇರಲಿಲ್ಲ. ಯಾವುದಾದರೂ ಮೂರೇ ಅಳತೆಗಳನ್ನು ತೆಗೆದುಕೊಂಡರೂ ಶೇಕಡಾ 3.5ಕ್ಕಿಂತ ಕಡಿಮೆ ಜನ ಮಾತ್ರ ಹೊಂದುತ್ತಿದ್ದರು. ತೋಳು ಉದ್ದವಿದ್ದವನ ಕಾಲು ಗಿಡ್ಡ, ಎದೆ ಅಗಲವಿದ್ದವನ ಸೊಂಟ ಸಣ್ಣ. ಸರಾಸರಿ ಮನುಷ್ಯನೆಂಬವನು ಕೋಷ್ಟಕದಲ್ಲಿದ್ದನೇ ಹೊರತು ವಾಯುಸೇನೆಯಲ್ಲಿರಲಿಲ್ಲ. ಪ್ರೊಕ್ರಸ್ಟೀಸನ ಮನೆಯಲ್ಲಿ ದುರುದ್ದೇಶ ಸಾಧಿಸಿದ್ದನ್ನು ಇಲ್ಲಿ ಸದುದ್ದೇಶದ ಗಣಿತವೇ ಸಾಧಿಸಿತ್ತು. ಮುಂದೆ ವಾಯುಸೇನೆ ಹಿಂದೆ ಮುಂದೆ ಸರಿಸಬಹುದಾದ ಆಸನ, ಹೊಂದಿಸಬಹುದಾದ ಪೆಡಲು, ಬಿಗಿ ಸಡಿಲ ಮಾಡಬಹುದಾದ ಶಿರಸ್ತ್ರಾಣದ ಪಟ್ಟಿಗಳನ್ನು ಬೇಡಿತು. ತಯಾರಕರು ಮೊದಲು ಕಷ್ಟವೆಂದರೂ ಕೊನೆಗೆ ಮಾಡಿಕೊಟ್ಟರು.

ಸಂಖ್ಯಾಶಾಸ್ತ್ರಕ್ಕೂ ಈ ಹೆಸರು ನೇರವಾಗಿಯೇ ಬಂದಿದೆ. ಒಂದು ದತ್ತಾಂಶವನ್ನು ಮೊದಲೇ ಊಹಿಸಿಕೊಂಡ ಮಾದರಿಯ ಕಡೆಗೆ ತಿರುಗಿಸಿ ಹೋಲಿಸುವ ಕಂಪ್ಯೂಟರ್ ಕ್ರಮವಿಧಿಯೊಂದಕ್ಕೆ ಮನಶ್ಶಾಸ್ತ್ರಜ್ಞರಾದ ಹರ್ಲಿ ಮತ್ತು ಕ್ಯಾಟೆಲ್ 1962ರಲ್ಲಿ ಪ್ರೊಕ್ರಸ್ಟೀಸ್ ಎಂದು ಹೆಸರಿಟ್ಟರು, ಮತ್ತು ಇದನ್ನು ಬಳಸಿ ಬಹುಮಟ್ಟಿಗೆ ಯಾವ ದತ್ತಾಂಶವನ್ನಾದರೂ ಯಾವ ಊಹೆಗಾದರೂ ಹೊಂದಿಸುವ ಕ್ರೂರ ಕೆಲಸ ಸಾಧ್ಯವೆಂದು ತಾವೇ ಎಚ್ಚರಿಸಿದರು. ಅದರಿಂದ ಬೆಳೆದ ಇಂದಿನ ವಿಧಾನದಲ್ಲಿ, ಉದಾಹರಣೆಗೆ ಎರಡು ಮೀನುಗಳ ತಲೆಬುರುಡೆಗಳ ಮೇಲೆ ಗುರುತಿಸಿದ ಬಿಂದುಗಳನ್ನು ಹೋಲಿಸುವಾಗ, ಆಕೃತಿಯನ್ನು ಸರಿಸಬಹುದು, ತಿರುಗಿಸಬಹುದು, ಇಡಿಯಾಗಿ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಅದರ ಒಳಗಿನ ಪ್ರಮಾಣಗಳನ್ನು ಮಾತ್ರ ಮುಟ್ಟುವಂತಿಲ್ಲ. ಇಷ್ಟೆಲ್ಲ ಹೊಂದಿಸಿದ ಮೇಲೂ ಬಿಂದುಗಳ ನಡುವೆ ಉಳಿಯುವ ಅಂತರವೇ ಆಕಾರದ ನಿಜವಾದ ಭೇದವೆಂದು ಜೀವವಿಜ್ಞಾನಿಗಳು ಪರಿಗಣಿಸುತ್ತಾರೆ. ಒಂದರ್ಥದಲ್ಲಿ, ಹೆಸರು ಆ ರಾಕ್ಷಸನದಾದರೂ ಕೆಲಸ ಅವನದಕ್ಕೆ ವಿರುದ್ಧವಾದದ್ದು.

ಭಾಷೆಗಳೂ ಈ ಮಂಚದ ಮೇಲೆ ಮಲಗಿವೆ. ಇಂಗ್ಲಿಷಿಗೆ ಲ್ಯಾಟಿನ್ನಿನ ಮಂಚವಿತ್ತು. ಕವಿ ಜಾನ್ ಡ್ರೈಡನ್ 1672ರಲ್ಲಿ, ವಾಕ್ಯವನ್ನು ಉಪಸರ್ಗಪದದಿಂದ, ಅಂದರೆ ನಾಮಪದಕ್ಕೆ ಮೊದಲು ನಿಂತು ಸಂಬಂಧ ಹೇಳುವ ಚಿಕ್ಕ ಪದದಿಂದ, ಮುಗಿಸಿದ್ದು ತಪ್ಪೆಂದು ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನನ್ನು ಆಕ್ಷೇಪಿಸಿದನು. ತನ್ನ ಇಂಗ್ಲಿಷಿನ ಬಗ್ಗೆ ಸಂದೇಹ ಬಂದಾಗ ಅದನ್ನು ಲ್ಯಾಟಿನ್ನಿಗೆ ಅನುವಾದಿಸಿ ನೋಡುತ್ತಿದ್ದೆನೆಂದೂ ಅವನು ಬೇರೊಂದೆಡೆ ಬರೆದಿದ್ದಾನೆ. ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಸಹಜವಾಗಿ ಬರುವ ಆ ವಾಕ್ಯರಚನೆಯನ್ನು ಶಾಲೆಗಳು ಬಹಳ ಕಾಲ ತಿದ್ದುತ್ತಲೇ ಇದ್ದವು.

ಕನ್ನಡಕ್ಕೆ ಇದ್ದದ್ದು ಸಂಸ್ಕೃತದ ಮಂಚ, ಮತ್ತು ಅಲ್ಲಿ ನಡೆದದ್ದು ಹೆಚ್ಚಾಗಿ ಸುತ್ತಿಗೆಯ ಕೆಲಸ. ಸಂಸ್ಕೃತ ವ್ಯಾಕರಣದಲ್ಲಿ ವಿಭಕ್ತಿಗಳು ಏಳು. ಅವುಗಳಲ್ಲಿ ತೃತೀಯೆ ಕೆಲಸಕ್ಕೆ ಸಾಧನವಾದುದನ್ನೂ, ಪಂಚಮಿ ಯಾವುದರಿಂದ ಅಗಲಿತೋ ಅದನ್ನೂ ಹೇಳುತ್ತದೆ. ಹೀಗೆ ಅಗಲುವಿಕೆಯ ನೆಲೆಯನ್ನು ಅಪಾದಾನವೆನ್ನುತ್ತಾರೆ. ಕನ್ನಡದಲ್ಲಿ ಕೊಡಲಿಯಿಂದ ಕಡಿದರೂ 'ಇಂದ', ಮರದಿಂದ ಬಿದ್ದರೂ 'ಇಂದ'. ಎರಡೂ ಕೆಲಸವನ್ನು ಒಂದೇ ಪ್ರತ್ಯಯ ಯಾವ ಗೊಂದಲವೂ ಇಲ್ಲದೆ ಮಾಡುತ್ತದೆ. ಏಳರ ಕೋಷ್ಟಕದಲ್ಲಿ ಐದನೆಯ ಸಾಲು ಖಾಲಿ ಬೀಳಬಾರದೆಂದು ಹಳೆಯ ವ್ಯಾಕರಣಗಳು 'ಅತ್ತಣಿಂ' ಎಂಬುದನ್ನೂ, ಶಾಲೆಯ ವ್ಯಾಕರಣಗಳು 'ದೆಸೆಯಿಂದ' ಎಂಬುದನ್ನೂ ಅಲ್ಲಿ ತಂದು ಕೂರಿಸಿದವು. ಈ ಎರಡನೆಯದನ್ನು ಬಿಡಿಸಿ ನೋಡಿದರೆ, ದೆಸೆ ಎಂಬ ನಾಮಪದಕ್ಕೆ ತೃತೀಯೆಯ ಅದೇ 'ಇಂದ' ಸೇರಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅಷ್ಟೇ ಅಲ್ಲ, ಆಡುಮಾತಿನಲ್ಲಿ ದೆಸೆಯಿಂದ ಎಂದರೆ ಕಾರಣದಿಂದ ಎಂದರ್ಥ; ಅವನ ದೆಸೆಯಿಂದ ಮನೆ ಹಾಳಾಯಿತು ಎನ್ನುವವರು ಅವನಿಂದ ಮನೆ ಅಗಲಿತೆಂದು ಹೇಳುತ್ತಿಲ್ಲ. ಹಣ್ಣು ಮರದ ದೆಸೆಯಿಂದ ಬಿತ್ತು ಎಂದು ಪರೀಕ್ಷೆಯಲ್ಲಿ ಬರೆಯುವ ಮಗು, ಮರವೇ ತಳ್ಳಿ ಬೀಳಿಸಿತೆಂಬ ಅರ್ಥ ಬರುವ ವಾಕ್ಯವನ್ನು ಬರೆಯುತ್ತದೆ. ತನ್ನ ಕಿವಿ ಒಪ್ಪದ ವಾಕ್ಯವೇ ಸರಿಯೆಂದು ಕಲಿತ ಮಗುವಿಗೆ ತನ್ನ ಮನೆಮಾತಿನ ಮೇಲಿನ ಭರವಸೆ ಸಣ್ಣದಾಗಿಯಾದರೂ ಕುಗ್ಗುವುದು ದುಃಖದ ಸಂಗತಿ. ಕನ್ನಡದ ವ್ಯಾಕರಣವನ್ನು ಕನ್ನಡದ ರಚನೆಯಿಂದಲೇ ಕಟ್ಟಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ವಾದಿಸಿದ್ದರ ಹಿಂದೆ ಇಂಥ ಅನೇಕ ಉದಾಹರಣೆಗಳಿವೆ.

ಆದರೆ ಹಳೆಯ ವೈಯಾಕರಣರನ್ನೆಲ್ಲ ಪ್ರೊಕ್ರಸ್ಟೀಸನ ಸಾಲಿಗೆ ಸೇರಿಸಿದರೆ ಅದೂ ಅನ್ಯಾಯವೇ ಆಗುತ್ತದೆ. ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜ, ಏಳು ವಿಭಕ್ತಿಗಳ ಚೌಕಟ್ಟನ್ನು ಉಳಿಸಿಕೊಂಡವನೇ ಆದರೂ, ಸಂಸ್ಕೃತದಲ್ಲಿ ಸಾಟಿಯಿಲ್ಲದ ಕನ್ನಡದ ಸಂಗತಿಗಳು ಎದುರಾದಾಗ ಅವುಗಳಿಗೆ ಹೊಸ ಜಾಗ ಮಾಡಿಕೊಟ್ಟನು. ಳಕಾರದಲ್ಲಿ ರಳ, ಕುಳ, ಕ್ಷಳ ಎಂಬ ಭೇದಗಳನ್ನು ಅವನು ಬೇರೆಬೇರೆಯಾಗಿ ವಿಂಗಡಿಸಿ, ಅವು ಬರುವ ಶಬ್ದಗಳನ್ನು ತಾಳ್ಮೆಯಿಂದ ಸಂಗ್ರಹಿಸಿದನು. ನಾಮಪದವೂ ಕ್ರಿಯಾಪದವೂ ಕೂಡಿ ಕೈಹಿಡಿ, ಮೈಮರೆ ಎಂಬಂಥ ರೂಪಗಳಾಗುವುದನ್ನು ಕ್ರಿಯಾಸಮಾಸವೆಂದೂ, ಸರ್ವನಾಮವಾಗಲಿ ಕೃದಂತವಾಗಲಿ ನಾಮಪದದೊಡನೆ ಸೇರಿ ಆ ಮನೆ, ಮಾಡಿದ ಅಡುಗೆ ಎಂಬಂತೆ ನಿಲ್ಲುವುದನ್ನು ಗಮಕಸಮಾಸವೆಂದೂ ಕರೆದು, ಸಂಸ್ಕೃತದ ಸಮಾಸಗಳ ಪಟ್ಟಿಯ ಪಕ್ಕದಲ್ಲೇ ಅವನ್ನೂ ಬರೆದಿಟ್ಟನು.